ಹಳೆಯ ಎಲೆಯೋ, ಹೊಸದೋ

ಮೊದಲು ಹಳದಿಯಾದದ್ದು ತುದಿ.
ಆಮೇಲೆ ಇಡೀ ಎಲೆ ಗಾಜಿನಂತಾಗಿ
ಬೆರಳು ತಾಗಿದರೆ ಲೋಳೆ.
ನಾನು ಆಸ್ಪತ್ರೆಯ ಬಟ್ಟೆ ಒಗೆಯುವವಳು,
ಇಪ್ಪತ್ತಾರು ವರ್ಷದಿಂದ, ಪೋಲೆಂಡಿನ ವುಚ್ ನಗರದಲ್ಲಿ.
ಯಾವ ಕಲೆ ಯಾವುದರದೆಂದು ನೋಡಿದೊಡನೆ ಹೇಳಬಲ್ಲೆ,
ರಕ್ತ, ಅಯೋಡಿನ್, ಬೀಟ್ರೂಟ್ ಸಾರು.
ಈ ಹಳದಿ ಮಾತ್ರ ನನಗೆ ಗೊತ್ತಿರಲಿಲ್ಲ.

ತೊಟ್ಟಿ ತಮ್ಮನದು. ಜೆನೊನ್
ನಾರ್ವೆಗೆ ಹೊರಟಾಗ
ನನ್ನ ಅಡುಗೆಮನೆಯ ಕಿಟಕಿಯ ಪಕ್ಕ ಇಟ್ಟು ಹೋದ,
ನೂರಿಪ್ಪತ್ತು ಲೀಟರು ನೀರು, ಒಂದು ದೀಪ,
ಎರಡು ಸೀಸೆ, ಒಂದು ಚೀಟಿ.
ಅಲ್ಲಿ ಅವನು ಸಾಲ್ಮನ್ ಕೊಯ್ಯುತ್ತಾನೆ,
ದಿನಕ್ಕೆ ಹತ್ತು ಗಂಟೆ.
ಇಲ್ಲಿ ಒಂದು ಎಲೆ ಕರಗಿದರೆ
ಫೋನಿನಲ್ಲಿ ಅವನ ಉಸಿರು ಬದಲಾಗುತ್ತದೆ.

"ಹಳೆಯ ಎಲೆಯೋ, ಹೊಸದೋ?"
ಅದೇ ಅವನ ಮೊದಲ ಪ್ರಶ್ನೆ, ಪ್ರತಿ ಭಾನುವಾರ.
ಹೊಸದು ಬಿಳಿಚಿದರೆ ಕಬ್ಬಿಣ ಸಾಲದು.
ಸೂಜಿ ಚುಚ್ಚಿದ ಹಾಗೆ ತೂತು ಬಿದ್ದರೆ ಪೊಟ್ಯಾಸಿಯಂ.
ಹಳೆಯದು ತಾನೇ ಹಳದಿಯಾಗಿ ಹೋದರೆ,
"ಗಿಡ ತನ್ನನ್ನೇ ತಿನ್ನುತ್ತಿದೆ ಅಕ್ಕಾ,
ಹಿರಿಯ ಎಲೆಯ ಬಾಯಿಂದ ಕಿತ್ತು
ಕಿರಿಯದಕ್ಕೆ ಉಣಿಸುತ್ತಿದೆ."
ನಮ್ಮಮ್ಮನ ಹಾಗೆ, ಅಂದೆ.
ಅವನು ನಗಲಿಲ್ಲ.

ದೀಪ ಎಷ್ಟು ಹೊತ್ತು? ಎಂಟು ಗಂಟೆ.
ಅನುಬಿಯಾಸ್ ಗಡ್ಡೆ ಮರಳಿನ ಮೇಲಿದೆ ತಾನೆ?
ಇಲ್ಲ. ಸೊಟ್ಟಗೆ ನಿಂತಿತ್ತು, ಚೆನ್ನಾಗಿ ಹೂತುಬಿಟ್ಟೆ.
"ಅಯ್ಯೋ!"
ಕಿತ್ತು ನೋಡಿದರೆ ಅರ್ಧ ಕೊಳೆತಿತ್ತು,
ಮೂಲೆಯಲ್ಲಿ ಮರೆತ ಆಲೂಗಡ್ಡೆಯ ವಾಸನೆ.
ಬ್ಲೇಡಿನಿಂದ ಕತ್ತರಿಸಿ, ಉಳಿದ ಹೆಬ್ಬೆರಳಷ್ಟನ್ನು
ಕಪ್ಪು ದಾರದಲ್ಲಿ ಕಲ್ಲಿಗೆ ಕಟ್ಟಿದೆ.
ಗುಂಡಿ ಹೊಲಿಯುವ ದಾರ. ಬೇರೆ ಇರಲಿಲ್ಲ.

ಮಿಕ್ಕವು ಕರಗುತ್ತಲೇ ಇದ್ದವು.
ಬುಧವಾರ ಬುಧವಾರ ಅರ್ಧ ನೀರು ಬದಲಿಸಿದೆ.
ಕೊಳವೆಯಿಟ್ಟು ಮರಳಿನ ಕಸ ಹೀರಿದೆ.
ಸೋಸುವ ಸ್ಪಂಜನ್ನು ನಲ್ಲಿಯಡಿ ಹಿಂಡಿ ಹಿಂಡಿ
ಆಪರೇಷನ್ ಕೋಣೆಗೆ ಕಳಿಸುವಷ್ಟು ಶುಭ್ರ ಮಾಡಿದೆ.
ಇದಕ್ಕಿಂತ ಚೊಕ್ಕ ತೊಟ್ಟಿಯನ್ನು
ಈ ಬೀದಿಯಲ್ಲಿ ಯಾರಾದರೂ ತೋರಿಸಲಿ.

ಪರೀಕ್ಷೆಯ ಪೆಟ್ಟಿಗೆ ಅಂಚೆಯಲ್ಲಿ ಬಂತು.
ಗಾಜಿನ ನಳಿಗೆ, ಹತ್ತು ಹನಿ, ಅಲುಗಿಸು,
ಇನ್ನೊಂದು ಸೀಸೆ, ಹತ್ತು ಹನಿ, ಜೋರಾಗಿ ಅಲುಗಿಸು, ಕಾಯಿ.
ಕೆಂಪಾದರೆ ನೈಟ್ರೇಟು ಹೆಚ್ಚು.
ನನ್ನದು ನಿಂಬೆ ಚಹಾದ ಬಣ್ಣ.
"ಸೊನ್ನೆ!" ಅಂದೆ,
ಶಾಲೆಗೇ ಮೊದಲು ಬಂದವಳ ಹಾಗೆ.

ಆ ಕಡೆ ಮೌನ. ಗಂಬೂಟು ಕಳಚುವ ಸದ್ದು.
"ಸೊನ್ನೆ ಹೇಗಾಗುತ್ತದೆ,
ನಲವತ್ತು ಮೀನು ದಿನವೂ ಹೇಲುವಾಗ?"

ಕಿಟಕಿಯಾಚೆ ಟ್ರಾಮ್ ಕಿರುಗುಟ್ಟುತ್ತ ತಿರುಗಿತು.
ಆಗ ಹೇಳಿದೆ.
ಮಾರ್ಚಿಯಲ್ಲೇ ಕೊಟ್ಟುಬಿಟ್ಟೆ,
ಮೂರನೇ ಮಹಡಿಯ ಕ್ಸಾವೆರಿಗೆ.
ಚೀಟಿಯಲ್ಲಿ ಗಿಡ ಎಂದಿತ್ತು, ಮೀನು ಎಂದಿರಲಿಲ್ಲ.
ರಾತ್ರಿ ಪಾಳಿ ಮುಗಿಸಿ ಬಂದು ದೀಪ ಹಾಕಿದರೆ
ನಲವತ್ತು ಬಾಯಿ ಒಟ್ಟಿಗೆ ಗಾಜಿಗೆ ಬರುತ್ತಿದ್ದವು,
ಸಾಲ ಕೊಟ್ಟವರ ಹಾಗೆ.

ಬೈಯುತ್ತಾನೆ ಅಂದುಕೊಂಡೆ.
ಮೆಲ್ಲಗೆ ಅಂದ, "ಅವುಗಳ ಅನ್ನವನ್ನೆಲ್ಲ ಒಗೆದುಬಿಟ್ಟಿದ್ದೀಯ."

ಕ್ಸಾವೆರಿಗೆ ಹನ್ನೊಂದು ವರ್ಷ, ವ್ಯಾಪಾರದಲ್ಲಿ ಐವತ್ತು.
ಹದಿನಾಲ್ಕು ಮೀನಿಗೆ ಒಂದು ಇಡೀ ಸೇಬಿನ ಕೇಕು,
ಬೆನ್ನು ಡೊಂಕಾದ ಇನ್ನೊಂದು ಬಿಟ್ಟಿ.
ಬಕೆಟ್ ಹಿಡಿದು ಇಳಿದೆ,
ಮೆಟ್ಟಿಲು ಮೆಟ್ಟಿಲಿಗೂ ಚೆಲ್ಲುತ್ತ, ಒರೆಸದೆ.

ಐದು ವಾರವಾಯಿತು.
ಹಳದಿಯಾದ ಎಲೆ ಹಳದಿಯಾಗಿಯೇ ಇದೆ,
ಅದು ಮತ್ತೆ ಹಸಿರಾಗುವುದಿಲ್ಲವಂತೆ, ಎಂದೂ.
ಕಪ್ಪು ದಾರದ ಪಕ್ಕ ಒಂದು ಸುರುಳಿ,
ಕಿಸೆಯಲ್ಲಿ ಸುತ್ತಿಕೊಂಡ ಟ್ರಾಮ್ ಟಿಕೆಟ್ಟಿನಷ್ಟು.
ಭಾನುವಾರ ಫೋನು ಎತ್ತಿದವಳೇ
ಅವನು ಕೇಳುವ ಮೊದಲು "ಹೊಸದು" ಅಂದೆ.

ಇವತ್ತು ಬುಧವಾರ.
ಮರಳಿನ ಮೇಲೆ ಕಂದು ಕಸ, ಕಣ್ಣೆದುರಿಗೇ.
ಡೊಂಕು ಬೆನ್ನಿನದು ಅದರ ಮೇಲೆ
ಇನ್ನಷ್ಟು ಉದುರಿಸುತ್ತ ಹೋಗುತ್ತಿದೆ.
ಕೊಳವೆಯನ್ನು ಸಿಂಕಿನ ಕೆಳಗೆ ಬೀಗ ಹಾಕಿಟ್ಟು
ಕೈ ಕಟ್ಟಿ ಕೂತಿದ್ದೇನೆ.